ಅನ್ನ ಒಂದೆಡೆ, ಹೆಸರು ಇನ್ನೊಂದೆಡೆ

1954ರಲ್ಲಿ ‘ಬೇಡರ ಕಣ್ಣಪ್ಪ’ ಗೆದ್ದಿತು. ಗಾಜನೂರಿನ ಮುತ್ತುರಾಜ್ ಆ ಒಂದೇ ಚಿತ್ರದಿಂದ ರಾಜ್‌ಕುಮಾರ್ ಆದರು. ತಿಪಟೂರಿನ ನರಸಿಂಹರಾಜು ಅವರ ಉಬ್ಬುಹಲ್ಲಿನ ನಗೆ ನಾಡಿಗೆಲ್ಲ ಪರಿಚಯವಾಯಿತು. ಇಲ್ಲಿಯವರೆಗಿನ ಕತೆ ಎಲ್ಲರಿಗೂ ಗೊತ್ತು. ಆಮೇಲಿನದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಗೆದ್ದ ಚಿತ್ರದ ನಾಯಕ, ಅದೇ ಚಿತ್ರದ ಹಾಸ್ಯನಟ ಕೆಲವೇ ವರ್ಷಗಳಲ್ಲಿ ಮತ್ತೆ ಟ್ರಂಕು ಕಟ್ಟಿಕೊಂಡು ಊರೂರಿಗೆ ನಾಟಕವಾಡಲು ಹೊರಟಿದ್ದರು. ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು. ಕೆಲಸವೆಲ್ಲ ಮದ್ರಾಸಿನ ಸ್ಟುಡಿಯೊಗಳಲ್ಲಿ. ಅಲ್ಲಿ ತಮಿಳು, ತೆಲುಗು ಚಿತ್ರಗಳ ಕಾಲ್‌ಶೀಟಿನ ನಡುವೆ ಉಳಿದ ಹೊತ್ತು ಕನ್ನಡಕ್ಕೆ. ಚಿತ್ರ ಶತದಿನ ಓಡಿದ ಮಾತ್ರಕ್ಕೆ ನಟನ ಮನೆಯ ಒಲೆ ದಿನವೂ ಉರಿಯುತ್ತದೆಂಬ ಖಾತರಿ ಇರಲಿಲ್ಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿಕೊಂಡರು, ನಾಟಕಗಳನ್ನು ಹೊತ್ತು ತಿರುಗಿದರು. ಆ ಒಗ್ಗಟ್ಟಿನ ಬಲದಲ್ಲೇ 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು.

ನಟರ ಬದುಕನ್ನು ಕುರಿತು ಬರೆಯುವಾಗ ನಾವು ಸಲೀಸಾಗಿ ಒಂದು ಏಣಿ ಹಾಕಿಬಿಡುತ್ತೇವೆ. ಕೆಳಗಿನ ಮೆಟ್ಟಿಲು ರಂಗಭೂಮಿ, ನಡುವೆ ಕಿರುತೆರೆ, ಮೇಲೆ ಬೆಳ್ಳಿತೆರೆ. ‘ರಂಗಭೂಮಿಯಿಂದ ಬೆಳ್ಳಿತೆರೆಯವರೆಗೆ’ ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಅಚ್ಚಾಗಿದೆಯೋ. ಕನ್ನಡದ ನಟನಟಿಯರ ಜೀವನಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಅಂಥ ಏಣಿ ಎಲ್ಲೂ ಸಿಗುವುದಿಲ್ಲ. ಸಿನಿಮಾ ಕೈಕೊಟ್ಟಾಗ ನಾಟಕ ಕೈ ಹಿಡಿದಿದೆ. ನಾಟಕ ಸೊರಗಿದಾಗ ಧಾರಾವಾಹಿ ಅಕ್ಕಿ ತಂದಿದೆ. ಹೆಸರು ಕೊಟ್ಟ ಕಡೆ ಅನ್ನ ಇರಲಿಲ್ಲ, ಅನ್ನ ಕೊಟ್ಟ ಕಡೆ ಹೆಸರು ಬರಲಿಲ್ಲ. ಎರಡನ್ನೂ ಒಂದೇ ಕಡೆ ಪಡೆದವರು ಬಹಳ ಕಡಿಮೆ. ಉಳಿದವರೆಲ್ಲ ಈ ಎರಡರ ನಡುವೆ ಓಡಾಡುತ್ತಲೇ ಆಯುಷ್ಯ ಕಳೆದರು.

ಮೇಲಿನ ನಾಲ್ವರಿಗೂ ಹೀಗೆ ನಾಟಕಕ್ಕೆ ಮರಳುವುದು ಸಾಧ್ಯವಾದದ್ದು ಅವರು ನಾಟಕ ಕಂಪನಿಯ ಮಕ್ಕಳಾದ್ದರಿಂದ. ಮುತ್ತುರಾಜ್ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಮಗ ಶಾಲೆಯ ಪಾಠ ಅರ್ಧಕ್ಕೇ ಬಿಟ್ಟು ಅಪ್ಪನ ಹಿಂದೆ ಹೋದ. ಗುಬ್ಬಿ ಕಂಪನಿಯಲ್ಲೂ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಪಳಗಿದ. ನಂಜನಗೂಡು ಸೀಮೆಯ ಅಯ್ಯರ್ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. ಬಾಲಕೃಷ್ಣ ಅವರದು ಇನ್ನೂ ವಿಚಿತ್ರ. ಅವರಿಗೆ ಕಿವಿ ಮಂದ. ಎದುರು ನಿಂತವರ ತುಟಿ ನೋಡಿಯೇ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ಕೇಳಿಸದ ಮನುಷ್ಯ ಸಂಭಾಷಣೆಯ ಟೈಮಿಂಗಿಗೇ ಹೆಸರಾದದ್ದು ಹೇಗೆ ಎಂದು ಅಚ್ಚರಿಪಡುವವರಿಗೆ ಉತ್ತರ ಕಂಪನಿಯಲ್ಲಿದೆ. ಅಲ್ಲಿ ತನ್ನ ಪಾರ್ಟಷ್ಟೇ ಅಲ್ಲ, ಇಡೀ ನಾಟಕ ಬಾಯಿಪಾಠವಾಗಿರಬೇಕು. ಯಾರಾದರೂ ಜ್ವರ ಬಂದು ಮಲಗಿದರೆ ಆ ರಾತ್ರಿ ಅವರ ಪಾತ್ರ ನಿಮ್ಮದು.

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಪೂರ್ತಿ ಹೆಸರು ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಬಾಲನಟನಾಗಿ ಸೇರಿದ ವೀರಣ್ಣ ಮುಂದೆ ಅದರ ಮಾಲೀಕರಾದರು. ‘ಸದಾರಮೆ’ಯ ಕಳ್ಳನ ಪಾತ್ರ ಅವರನ್ನು ಮನೆಮಾತಾಗಿಸಿತು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಈ ಆನೆ ಕುದುರೆಯ ಕತೆ ಹೇಳಿ ಹೇಳಿ ಸವೆದಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಂಪನಿಯ ಅಡುಗೆಮನೆ. ನಟರು, ಹಾಡುಗಾರರು, ವಾದ್ಯದವರು, ಪರದೆ ಎಳೆಯುವವರು, ಬಟ್ಟೆ ಮಡಿಸುವವರು, ಗೇಟು ಕಾಯುವವರು, ಅವರ ಹೆಂಡಿರು ಮಕ್ಕಳು, ಎಲ್ಲರಿಗೂ ಒಂದೇ ಕಡೆ ಊಟ. ಸಂಬಳ ಕಲೆಕ್ಷನ್ ನೋಡಿಕೊಂಡು ಹೆಚ್ಚುಕಡಿಮೆ ಆಗಬಹುದು, ತಡವೂ ಆಗಬಹುದು. ಎರಡು ಹೊತ್ತಿನ ಊಟ ತಪ್ಪುತ್ತಿರಲಿಲ್ಲ. ಹಳ್ಳಿಯ ಬಡ ಮನೆಗಳಿಂದ ಹುಡುಗರು ಕಂಪನಿಗೆ ಓಡಿಬಂದದ್ದು ಬಣ್ಣದ ಹುಚ್ಚಿನಿಂದ ಎಂದು ನಾವು ಬರೆಯುತ್ತೇವೆ. ಅನ್ನದ ಪಂಕ್ತಿಯೂ ಅಷ್ಟೇ ದೊಡ್ಡ ಆಕರ್ಷಣೆಯಾಗಿತ್ತು.

ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನವೇ ಪಾರ್ಟು ಸಿಗುವುದಿಲ್ಲ. ಬೆಳಿಗ್ಗೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಶ್ರುತಿಗೆ ದನಿ ಕೂಡಿಸಬೇಕು. ಮಧ್ಯಾಹ್ನ ಹಿರಿಯ ನಟರ ಕಾಲೊತ್ತುವುದು, ಬೀಡಿ ತಂದುಕೊಡುವುದು, ಜರಿ ಅಂಗಿಗಳನ್ನು ಬಿಸಿಲಿಗೆ ಹಾಕುವುದು. ಸಂಜೆಗೆ ಅರದಾಳ, ಸಫೇದ ಅರೆದು ಬಣ್ಣದ ಪೆಟ್ಟಿಗೆ ಸಿದ್ಧ ಮಾಡುವುದು. ರಾತ್ರಿ ಸೈಡ್ ವಿಂಗಿನಲ್ಲಿ ನಿಂತು ನಾಟಕ ನೋಡುವುದು. ನಿಜವಾದ ಪಾಠಶಾಲೆ ಈ ಸೈಡ್ ವಿಂಗು. ಯಾವ ಮಾತಿಗೆ ಪ್ರೇಕ್ಷಕ ನಗುತ್ತಾನೆ, ಯಾವ ಹಾಡಿಗೆ ಒನ್ಸ್ ಮೋರ್ ಬೀಳುತ್ತದೆ, ಮಳೆ ಬಂದು ತಗಡಿನ ಮೇಲೆ ಸದ್ದಾದಾಗ ನಟ ದನಿಯನ್ನು ಎಲ್ಲಿಗೆ ಏರಿಸುತ್ತಾನೆ ಎಂಬುದನ್ನು ಯಾವ ಮೇಷ್ಟ್ರೂ ಹೇಳಿಕೊಡಲಾರರು. ಮೊದಲು ದೇವತೆಗಳ ಗುಂಪಿನಲ್ಲಿ, ಆಮೇಲೆ ಕೃಷ್ಣ ಪ್ರಹ್ಲಾದರಾಗಿ, ಮೀಸೆ ಮೊಳೆಯುವ ಮುಂಚೆ ಸ್ತ್ರೀಪಾತ್ರದಲ್ಲಿ. ದನಿ ಒಡೆದರೆ ಸ್ವಲ್ಪ ಕಾಲ ವನವಾಸ. ಆಗ ಹಾಡು ಹೋಯಿತೆಂದು ಕಂಪನಿ ಬಿಟ್ಟವರು ಎಷ್ಟೋ ಮಂದಿ.

ಈ ಶಾಲೆಯಿಂದ ಬಂದ ಇಬ್ಬರ ದಾರಿ ನೋಡಿ. ಬಂಟ್ವಾಳದ ಕಡೆಯ ಮಂಚಿಯ ಬಿ.ವಿ. ಕಾರಂತರು ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದವರು. ಹುಡುಗನಲ್ಲಿ ಏನೋ ಇದೆ ಎಂದು ಕಂಡ ವೀರಣ್ಣನವರು ಅವರನ್ನು ಹಿಂದಿ ಎಂ.ಎ. ಓದಲು ಬನಾರಸಿಗೆ ಕಳಿಸಿದರು. ಓದಿಸಿದರೆ ಹುಡುಗ ಕಂಪನಿಗೆ ದಕ್ಕುವುದಿಲ್ಲ ಎಂದು ಒಬ್ಬ ಮಾಲೀಕನಿಗೆ ತಿಳಿಯದೇ ಇರುತ್ತದೆಯೇ? ಕಾರಂತರು ಅಲ್ಲಿಂದ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ನಡುವೆ ‘ಚೋಮನ ದುಡಿ’ಯನ್ನು ಸಿನಿಮಾ ಮಾಡಿದರು. ಅಯ್ಯರ್ ಇನ್ನೊಂದು ದಿಕ್ಕಿಗೆ ನಡೆದರು. ನಟ, ಸಂಭಾಷಣೆಕಾರ, ಗೀತರಚನೆಕಾರ, ನಿರ್ಮಾಪಕ ಎಲ್ಲ ಆಗಿ, ಬರಿಗಾಲಲ್ಲೇ ತಿರುಗುತ್ತ, 1983ರಲ್ಲಿ ‘ಆದಿ ಶಂಕರಾಚಾರ್ಯ’ ಎಂಬ ಸಂಸ್ಕೃತ ಚಿತ್ರ ಮಾಡಿದರು. ಭಾರತದ ಮೊದಲ ಸಂಸ್ಕೃತ ಚಿತ್ರ ಅದು. ಆ ಚಿತ್ರಕ್ಕೂ ಕಂಪನಿ ನಾಟಕಕ್ಕೂ ಮೇಲ್ನೋಟಕ್ಕೆ ಅಜಗಜಾಂತರ. ಆದರೆ ಕಂಪನಿಯಲ್ಲಿ ಎಲ್ಲ ಕೆಲಸಕ್ಕೂ ಕೈ ಹಾಕಿದವನಿಗೆ ‘ಇದು ನನ್ನ ಕೆಲಸವಲ್ಲ’ ಎಂಬ ಮಾತೇ ಗೊತ್ತಿರುವುದಿಲ್ಲ.

ಮಾತಿನ ಚಿತ್ರ ಬಂದಾಗ ಕಂಪನಿಯವರೇ ಅದರ ಬಾಗಿಲು ತೆರೆದರು. 1934ರಲ್ಲಿ ಬಂದ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾಯರು ಇಬ್ಬರೂ ನಾಟಕದವರು. ಒಂದೇ ಕಂಪನಿಯ ಜೋಡೆತ್ತುಗಳು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. 1936ರ ‘ಸಂಸಾರ ನೌಕೆ’ಯೂ ಎಚ್.ಎಲ್.ಎನ್. ಸಿಂಹ ಅವರ ನಾಟಕವೇ. ಅದರ ನಾಯಕ ಬಿ.ಆರ್. ಪಂತುಲು, ನಾಯಕಿ ಎಂ.ವಿ. ರಾಜಮ್ಮ. ಪಂತುಲು ಮದ್ರಾಸಿನಲ್ಲಿ ನೆಲೆಯೂರಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’, ‘ಕರ್ಣನ್’ ಮಾಡಿದರು; ಅವರ ಬಳಿ ಸಹಾಯಕರಾಗಿ ದುಡಿದವರು ಪುಟ್ಟಣ್ಣ ಕಣಗಾಲ್. ರಾಜಮ್ಮ 1943ರಲ್ಲಿ ‘ರಾಧಾರಮಣ’ ನಿರ್ಮಿಸಿ ಕನ್ನಡದ ಮೊದಲ ಮಹಿಳಾ ನಿರ್ಮಾಪಕಿಯಾದರು. ಬಾಲಕೃಷ್ಣ ಮತ್ತು ಅಯ್ಯರ್ ಮೊದಲು ಕ್ಯಾಮೆರಾ ಮುಂದೆ ನಿಂತದ್ದು ಆ ಚಿತ್ರದಲ್ಲೇ. ನಾಯ್ಡು, ನಾಗೇಂದ್ರರಾಯರ ಕಂಪನಿಯ ‘ಭೂಕೈಲಾಸ’ 1940ರಲ್ಲಿ ತೆಲುಗು ಚಿತ್ರವಾದಾಗ ರಾವಣ, ನಾರದರಾಗಿ ಇದೇ ಇಬ್ಬರು ಕನ್ನಡಿಗರು. 1958ರ ಕನ್ನಡ ‘ಭೂಕೈಲಾಸ’ಕ್ಕೆ ರಾವಣ ಯಾರು? ಅದೇ ಕಂಪನಿಯಲ್ಲಿ ಹಿಂದೆ ಸಣ್ಣಪುಟ್ಟ ಪಾರ್ಟು ಮಾಡುತ್ತಿದ್ದ ಮುತ್ತುರಾಜ್.

ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್. ಅಪ್ಪನ ಅಬ್ಬರದ ಅಭಿನಯಕ್ಕೆ ಬೆನ್ನು ಹಾಕಿದ ನಟ. ‘ಭೂತಯ್ಯನ ಮಗ ಅಯ್ಯು’, ‘ಪರಸಂಗದ ಗೆಂಡೆತಿಮ್ಮ’ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಲೋಕೇಶರ ಮಗ ಸೃಜನ್, ‘ಮಜಾ ಟಾಕೀಸ್’ ಮೂಲಕ ಟಿವಿಯಲ್ಲಿ ಮನೆಮಾತು. ತಾತ ನಾಟಕ, ಅಪ್ಪ ಸಿನಿಮಾ, ಮೊಮ್ಮಗ ಟಿವಿ. ವಂಶವೃಕ್ಷ ಇಷ್ಟು ಚೊಕ್ಕಟವಾಗಿ ಸಿಗುವುದು ಅಪರೂಪ. ಒಂದು ಕುತೂಹಲ ಏನೆಂದರೆ, ಮೂವರಲ್ಲಿ ತಾತನಿಗೆ ತೀರಾ ಹತ್ತಿರ ಇರುವವನು ಮೊಮ್ಮಗ. ಎದುರಿಗೆ ಕೂತ ಜನ, ಹಾರ್ಮೋನಿಯಂ ಇದ್ದ ಕಡೆ ಬ್ಯಾಂಡು, ನಡುನಡುವೆ ಪ್ರೇಕ್ಷಕರನ್ನು ನೇರ ಮಾತಾಡಿಸುವ ಹಾಸ್ಯ. ಕಂಪನಿ ನಾಟಕದ ಹಾಸ್ಯದ ಸೀನು ವಾರಾಂತ್ಯದ ಕಾರ್ಯಕ್ರಮವಾಗಿ ಬಂದು ಕೂತಿದೆ. ಹೀಗೆ ನೋಡಿದರೆ ಕಂಪನಿ ಸತ್ತೇ ಇಲ್ಲ.

ಎಪ್ಪತ್ತರ ದಶಕದ ಹೊತ್ತಿಗೆ ಬೆಂಗಳೂರಿನಲ್ಲಿ ಹುಟ್ಟಿದ ನಟರ ಪೀಳಿಗೆ ಬೇರೆ ಜಾತಿಯದು. ಇವರಿಗೆ ಕಂಪನಿಯ ಪಂಕ್ತಿಯೂಟ ಬೇಕಿರಲಿಲ್ಲ, ಕಚೇರಿಯ ಸಂಬಳವಿತ್ತು. ಸಂಜೆ ಐದೂವರೆಗೆ ಫೈಲು ಮುಚ್ಚಿ ರಿಹರ್ಸಲ್ಲಿಗೆ ಓಡುವವರು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಮೂರನ್ನು ಆಡಿಸಿದ ಮೇಲೆ ಇವರ ಹುಮ್ಮಸ್ಸು ಹತ್ತು ಪಟ್ಟಾಯಿತು. ಹವ್ಯಾಸಿ ಎಂದು ಇವರನ್ನು ಕರೆಯುತ್ತಿದ್ದರು. ಹಣದ ಲೆಕ್ಕದಲ್ಲಿ ಮಾತ್ರ ಹವ್ಯಾಸಿಗಳು. ದುಡಿಮೆಯಲ್ಲಿ ಯಾವ ಕಂಪನಿಯವನಿಗೂ ಕಡಿಮೆಯಿಲ್ಲ. ಜಿ.ಕೆ. ಗೋವಿಂದರಾವ್ ಇಂಗ್ಲಿಷ್ ಮೇಷ್ಟ್ರು. ಟಿ.ಎನ್. ಸೀತಾರಾಂ ಕಾನೂನು ಓದಿದವರು. ಮುಂದೆ ಅವರ ಧಾರಾವಾಹಿಗಳಲ್ಲಿ ಕೋರ್ಟಿನ ದೃಶ್ಯ ಬಂತೆಂದರೆ ಮನೆಯ ಹಿರಿಯರು ರಿಮೋಟ್ ಕೊಡುತ್ತಿರಲಿಲ್ಲ. ದತ್ತಣ್ಣ ವಾಯುಪಡೆಯ ಅಧಿಕಾರಿಯಾಗಿದ್ದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದವರು. ಇವರ ಹಿಂದಿನ ಪೀಳಿಗೆಯ ಕೆ.ಎಸ್. ಅಶ್ವತ್ಥ್ ಮೈಸೂರಿನಲ್ಲಿ ಸರ್ಕಾರಿ ನೌಕರಿ ಬಿಟ್ಟು ಬಣ್ಣ ನಂಬಿ ಹೋದರು. ಸಂಬಳ ಇಟ್ಟುಕೊಂಡು ಬಣ್ಣ ಹಚ್ಚಿದವರದೊಂದು ದಾರಿ, ಸಂಬಳ ಬಿಟ್ಟು ಹಚ್ಚಿದವರದು ಇನ್ನೊಂದು. ಯಾವುದು ಸರಿ ಎಂದು ಹೊರಗಿನವರು ಹೇಳುವುದು ಸುಲಭವಲ್ಲ. ಆದರೆ ಪಿಂಚಣಿ ಬರುವ ನಟ ತನಗೆ ಬೇಡದ ಪಾತ್ರವನ್ನು ಒಲ್ಲೆ ಎನ್ನಬಲ್ಲ. ಈ ಸ್ವಾತಂತ್ರ್ಯ ನಮ್ಮ ಅತಿ ದೊಡ್ಡ ಪೋಷಕನಟರಿಗೂ ಇರಲಿಲ್ಲ.

ಕನ್ನಡ ಚಿತ್ರಗಳ ಟೈಟಲ್ ಕಾರ್ಡ್ ಓದುವುದು ನನಗೆ ಒಂದು ಖುಷಿ. ನಟರ ಹೆಸರಿನ ಹಿಂದೆ ಊರು, ಮನೆತನ ಇರುವುದು ಎಲ್ಲ ಕಡೆ ಉಂಟು. ನಮ್ಮಲ್ಲಿ ಹೆಸರಿನ ಮುಂದೆ ಕಸುಬಿನ ಇಡೀ ಚರಿತ್ರೆಯೇ ಇರುತ್ತದೆ. ರಂಗಾಯಣ ರಘು, ನೀನಾಸಂ ಸತೀಶ್, ಸಂಚಾರಿ ವಿಜಯ್ ಎಂದರೆ ಕಲಿತ ಮನೆ. ಬ್ಯಾಂಕ್ ಜನಾರ್ಧನ್ ಎಂದರೆ ಮೊದಲು ಅನ್ನ ಕೊಟ್ಟ ಜಾಗ. ಚಂದ್ರು ಮತ್ತು ಗೀತಾ ದಂಪತಿಗೆ ‘ಸಿಹಿಕಹಿ’ ಅಂಟಿದ್ದು ದೂರದರ್ಶನದ ಧಾರಾವಾಹಿಯಿಂದ. ಇನ್ನೊಬ್ಬ ಚಂದ್ರು 1980ರಲ್ಲಿ ಕಲಾಗಂಗೋತ್ರಿಯ ‘ಮುಖ್ಯಮಂತ್ರಿ’ ನಾಟಕದಲ್ಲಿ ಆ ಪಾತ್ರಕ್ಕೆ ಬಣ್ಣ ಹಚ್ಚಿದರು, ನೂರಾರು ಪ್ರದರ್ಶನಗಳಾದವು. 1985ರಲ್ಲಿ ಗೌರಿಬಿದನೂರಿನಿಂದ ಶಾಸಕರೂ ಆದರು. ಹೆಸರಿನಲ್ಲಿರುವ ಹುದ್ದೆಯೊಂದು ಮಾತ್ರ ಬಾಕಿ ಉಳಿಯಿತು.

ನೀನಾಸಂ ಹೆಸರು ಬಂದದ್ದರಿಂದ ಹೆಗ್ಗೋಡಿನ ಮಾತು ಹೇಳಲೇಬೇಕು. ಕೆ.ವಿ. ಸುಬ್ಬಣ್ಣ 1980ರಲ್ಲಿ ಅಲ್ಲಿ ನಾಟಕ ಶಾಲೆ ತೆರೆದರು, 1985ರಲ್ಲಿ ‘ತಿರುಗಾಟ’ ಶುರುಮಾಡಿದರು. ಅಡಿಕೆ ತೋಟದ ನಡುವಿನ ಹಳ್ಳಿಯಲ್ಲಿ ಕಲಿತ ಹುಡುಗ ಹುಡುಗಿಯರು ಎರಡು ಮೂರು ನಾಟಕ ಕಟ್ಟಿಕೊಂಡು ನಾಡು ಸುತ್ತುವ ಏರ್ಪಾಡು. ಊರಿಗೆ ಬಂದಿಳಿದ ನಟರೇ ಸೆಟ್ಟು ಇಳಿಸುತ್ತಾರೆ, ಲೈಟು ಕಟ್ಟುತ್ತಾರೆ, ಆಡುತ್ತಾರೆ, ಮತ್ತೆ ಬಿಚ್ಚಿ ಹೇರುತ್ತಾರೆ. ಕಂಪನಿಯ ಶಿಸ್ತು ಹೊಸ ವಿದ್ಯೆಯ ಜೊತೆ ಸೇರಿ ಬಂದದ್ದು ಇಲ್ಲಿ. ಇಲ್ಲಿಂದ ಹೊರಟ ತಿಪಟೂರಿನ ಅಚ್ಯುತ್ ಕುಮಾರ್ ‘ಕಾಂತಾರ’ದ ಧಣಿಯಾಗಿ ದೇಶಕ್ಕೆಲ್ಲ ಪರಿಚಯವಾಗಲು 2022 ಬರಬೇಕಾಯಿತು. ಅಷ್ಟರಲ್ಲಿ ಅವರು ಮಾಡಿದ ಪೋಷಕಪಾತ್ರಗಳನ್ನು ಎಣಿಸುವುದು ಕಷ್ಟ. ತಡವಾಗಿ ಬಂದ ಯಶಸ್ಸು ಎಂದು ನಾವು ಬರೆದೆವು. ತಡವಾಗಿದ್ದು ನಮ್ಮ ಗಮನ. ಅವರು ಮೊದಲಿಂದಲೂ ಹಾಗೆಯೇ ನಟಿಸುತ್ತಿದ್ದರು.

ರಂಗಾಯಣ ಇನ್ನೊಂದು ಪ್ರಯೋಗ: ನಟನಿಗೆ ಸರ್ಕಾರದಿಂದ ತಿಂಗಳ ಸಂಬಳ. ಅಲ್ಲಿಯವರೆಗೆ ಕನ್ನಡದಲ್ಲಿ ಯಾವ ನಟನೂ ಕಾಣದ ಭಾಗ್ಯ. ಅಲ್ಲೇ ಉಳಿದು ಮಾಗಿದವರಿದ್ದಾರೆ. ರಘು ಅವರಂತೆ ಸಿನಿಮಾಕ್ಕೆ ಹೊರಟವರಿದ್ದಾರೆ. ಮಂಡ್ಯ ರಮೇಶ್ ಅವರಂತೆ ಸಿನಿಮಾ, ಟಿವಿಯಲ್ಲಿ ದುಡಿಯುತ್ತಲೇ ಮೈಸೂರಿನಲ್ಲಿ ‘ನಟನ’ ಎಂಬ ರಂಗಶಾಲೆ ಕಟ್ಟಿದವರೂ ಇದ್ದಾರೆ. ಟಿವಿಯಲ್ಲಿ ಬಂದ ದುಡ್ಡು ರಂಗಮಂದಿರದ ಇಟ್ಟಿಗೆಯಾಗುವುದು ನಮ್ಮಲ್ಲಿ ಹೊಸದೇನಲ್ಲ.

ಹಾಗಾದರೆ ಟಿವಿ ಏನು ಮಾಡಿತು? ಒಂದೇ ಮಾತಿನಲ್ಲಿ ಹೇಳುವುದಾದರೆ ಬಾಡಿಗೆ ಕಟ್ಟಿತು. 1998ರಲ್ಲಿ ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ದೂರದರ್ಶನಕ್ಕೆ ‘ಮಾಯಾಮೃಗ’ ಮಾಡಿದಾಗ ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ಅರ್ಧ ಭಾಗ ಆ ಸೆಟ್ಟಿನಲ್ಲಿತ್ತು. ಅದಕ್ಕೂ ಮುಂಚೆ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗಲೂ ಹಾಗೇ ಆಗಿತ್ತು. ಆದರೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಖಾಸಗಿ ವಾಹಿನಿಗಳ ದಿನದ ಧಾರಾವಾಹಿ ಹಬ್ಬವಲ್ಲ, ದಿನಗೂಲಿ. ತಿಂಗಳಿಗೆ ಇಷ್ಟು ದಿನ ಕೆಲಸ ಉಂಟು, ದಿನಕ್ಕೆ ಇಷ್ಟು ಎಂಬ ಲೆಕ್ಕ ನಟನ ಬದುಕಿನಲ್ಲಿ ಬಂದದ್ದು ಆಗಲೇ. ಮನೆ ಸಾಲಕ್ಕೆ ಬ್ಯಾಂಕಿನ ಮುಂದೆ ನಿಲ್ಲುವ ಧೈರ್ಯ ಬಂದದ್ದೂ ಆಗಲೇ.

ಧಾರಾವಾಹಿಯ ಶೂಟಿಂಗ್ ಮನೆ ಎಂದರೆ ಬೆಂಗಳೂರಿನ ಅಂಚಿನ ಯಾವುದೋ ಬಡಾವಣೆಯ ಬಾಡಿಗೆ ಬಂಗಲೆ. ಕೆಳಗಿನ ಹಾಲ್ ಶ್ರೀಮಂತರ ಮನೆ, ಅದಕ್ಕೊಂದು ಸುತ್ತುಮೆಟ್ಟಿಲು ಇರಲೇಬೇಕು. ಹಿತ್ತಲಿನ ಶೆಡ್ಡು ಬಡ ನಾಯಕಿಯ ತವರು. ಮೇಲಿನ ಕೋಣೆ ಒಂದು ದಿನ ಆಸ್ಪತ್ರೆ, ಇನ್ನೊಂದು ದಿನ ಪೊಲೀಸ್ ಠಾಣೆ. ಬೆಳಿಗ್ಗೆ ಇಡ್ಲಿ ತಿನ್ನುವ ಹೊತ್ತಿಗೆ ಆ ದಿನದ ಸೀನು ವಾಟ್ಸ್ಆ್ಯಪಿನಲ್ಲಿ ಬರುತ್ತದೆ. ಟೇಕ್ ಎಂದ ಕೂಡಲೇ ಫ್ಯಾನು ಬಂದ್, ಸದ್ದು ಹಿಡಿಯಬಾರದು. ಮೇ ತಿಂಗಳಲ್ಲಿ ಹತ್ತು ಕಿಲೋ ರೇಷ್ಮೆ, ಒಡವೆ ಹೇರಿಕೊಂಡ ಅತ್ತೆ ಬೆವರೊರೆಸಿಕೊಳ್ಳುತ್ತ ಕಣ್ಣು ಕೆಂಪು ಮಾಡಬೇಕು. ಕ್ಯಾಮೆರಾ ಪಕ್ಕದಲ್ಲಿ ಸಹಾಯಕ ನಿರ್ದೇಶಕ ಹಾಳೆ ಹಿಡಿದು ಮಾತು ಹೇಳಿಕೊಡುತ್ತಿರುತ್ತಾನೆ, ನಟಿ ಅದನ್ನು ಕಿವಿಯಲ್ಲಿ ಹಿಡಿದು ಮುಖದಲ್ಲಿ ತೋರಿಸಬೇಕು. ಸೈಡ್ ವಿಂಗಿನಲ್ಲಿ ಕೂರುತ್ತಿದ್ದ ಪ್ರಾಂಪ್ಟರ್ ಇಲ್ಲಿ ಮರುಹುಟ್ಟು ಪಡೆದಿದ್ದಾನೆ. ಕಂಪನಿಯಲ್ಲಿ ಇಡೀ ನಾಟಕ ಬಾಯಿಪಾಠವಿದ್ದೂ ಪ್ರಾಂಪ್ಟರ್ ಇರುತ್ತಿದ್ದ; ಇಲ್ಲಿ ನಾಳೆ ತನ್ನ ಪಾತ್ರ ಬದುಕಿರುತ್ತದೆಯೋ ಇಲ್ಲವೋ ಎಂಬುದೂ ನಟಿಗೆ ತಿಳಿದಿರುವುದಿಲ್ಲ. ಟಿಆರ್‌ಪಿ ಇಳಿದರೆ ಕತೆ ಜಿಗಿಯುತ್ತದೆ. ಸಂಭಾವನೆಯ ವಿಚಾರದಲ್ಲಿ ಕೊಸರಾಡಿದ ನಟನ ಪಾತ್ರ ವಿದೇಶಕ್ಕೆ ಹೋಗಿಬಿಡಬಹುದು. ಇಲ್ಲವೇ ಸೋಮವಾರದಿಂದ ಅದೇ ಪಾತ್ರಕ್ಕೆ ಬೇರೆ ಮುಖ. ಮನೆಮಂದಿ ಯಾರೂ ಆಶ್ಚರ್ಯಪಡುವುದಿಲ್ಲ.

ಇಷ್ಟೆಲ್ಲ ಬೈದುಕೊಂಡರೂ ರಂಗಭೂಮಿಯ ಹಿರಿಯ ನಟಿಯರಿಗೆ ಧಾರಾವಾಹಿ ಕೊಟ್ಟದ್ದನ್ನು ಸಿನಿಮಾ ಎಂದೂ ಕೊಟ್ಟಿರಲಿಲ್ಲ. ಸಿನಿಮಾದಲ್ಲಿ ನಲವತ್ತರ ನಟಿಗೆ ಒಂದು ಕಣ್ಣೀರಿನ ದೃಶ್ಯ, ಒಂದು ಆರತಿ ತಟ್ಟೆ. ಧಾರಾವಾಹಿಯಲ್ಲಿ ಅವಳು ಕತೆಯ ನಡುಗಂಬ. ಉಮಾಶ್ರೀ ಅವರ ವೃತ್ತಿಜೀವನ ಇದಕ್ಕೆ ಸಾಕ್ಷಿ; ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವ ಆದವರು ಉಮಾಶ್ರೀ. ಕಳೆದುಹೋದ ಹುಂಜ ಹುಡುಕುತ್ತ ಊರನ್ನೆಲ್ಲ ಬೈಯುವ ಆ ಮುದುಕಿಯನ್ನು ಮಾಡಿದಾಗ ಅವರಿಗೆ ಎಳೆಯ ವಯಸ್ಸು. ನೋಡಿದವರು ಇಂದಿಗೂ ಆ ದನಿ, ಆ ಬಾಗಿದ ಬೆನ್ನು ನೆನೆಯುತ್ತಾರೆ. ಸಿನಿಮಾ ಈ ನಟಿಯನ್ನು ಏನು ಮಾಡಿತು? 1984ರಲ್ಲಿ ಕಾಶೀನಾಥರ ‘ಅನುಭವ’ದಿಂದ ಹೆಸರು ಬಂತು, ಬೆನ್ನಿಗೇ ದ್ವಂದ್ವಾರ್ಥದ ಹಾಸ್ಯದ ಪಾತ್ರಗಳ ಸಾಲು. ಎನ್.ಎಸ್. ರಾವ್ ಜೊತೆಗಿನ ಜೋಡಿ ಎಂದರೆ ಟೆಂಟಿನಲ್ಲಿ ಶಿಳ್ಳೆ. ಮಡಿವಂತ ವಿಮರ್ಶಕರು ಮೂಗು ಮುರಿದರು. ಮಕ್ಕಳನ್ನು ಸಾಕಬೇಕಾದ ಒಂಟಿ ಹೆಣ್ಣಿನ ಹೊಟ್ಟೆಪಾಡು ಮೂಗು ಮುರಿದವರ ಲೆಕ್ಕಕ್ಕೆ ಬರಲಿಲ್ಲ. 1995ರ ‘ಪುಟ್ನಂಜ’ದಲ್ಲಿ ನಾಯಕನ ಅಜ್ಜಿ ಪುಟ್ಮಲ್ಲಿ, ಆಗಿನ್ನೂ ಅವರಿಗೆ ನಲವತ್ತು ತುಂಬಿರಲಿಲ್ಲ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿಯಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದಾಗ, ಹಿಂದೆ ಮೂಗು ಮುರಿದವರೇ ಚಪ್ಪಾಳೆ ತಟ್ಟಿದರು. 2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವೆ. ಅಂದರೆ ಕಲಾವಿದರ ಮಾಸಾಶನದ ಫೈಲುಗಳಿಗೆ ಸಹಿ ಹಾಕುವ ಜಾಗದಲ್ಲಿ ಒಬ್ಬ ನಟಿ. ಆಮೇಲೆ ಮತ್ತೆ ರಂಗಕ್ಕೆ ಬಂದು ‘ಶರ್ಮಿಷ್ಠೆ’ ಎಂಬ ಏಕವ್ಯಕ್ತಿ ನಾಟಕ. 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ. ಇದರಲ್ಲಿ ಮೇಲಿನ ಮೆಟ್ಟಿಲು ಯಾವುದು, ಕೆಳಗಿನದು ಯಾವುದು? ಅವರನ್ನು ಹಳ್ಳಿ ಹಳ್ಳಿಯ ಹೆಂಗಸರು ‘ಪುಟ್ಟಕ್ಕ’ ಎಂದೇ ಮಾತಾಡಿಸುತ್ತಾರೆ. ಸಾಕವ್ವನನ್ನು ಕಂಡವರು ಅವರಲ್ಲಿ ಎಷ್ಟು ಮಂದಿ ಇದ್ದಾರು? ಆದರೆ ಪುಟ್ಟಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಂತಾಗ ಒಳಗಿಂದ ಮಾತಾಡುವವಳು ಸಾಕವ್ವನೇ.

ಹೆಸರಿರುವವರ ಮಾತು ಇಷ್ಟಾಯಿತು. ಹೆಸರಿಲ್ಲದವರ ಸಂಖ್ಯೆ ಅವರ ಹತ್ತು ಪಟ್ಟು. ಲೈಟ್ ಬಾಯ್ ಎಂದು ಕರೆಸಿಕೊಳ್ಳುವವನ ವಯಸ್ಸು ಐವತ್ತೈದು ಇರಬಹುದು. ಮದುವೆ ಮನೆಯ ಗುಂಪಿನಲ್ಲಿ ನಿಂತು ಅಕ್ಷತೆ ಹಾಕುವ ಸಹಕಲಾವಿದೆ ವಾರಕ್ಕೆ ಎರಡು ಮದುವೆ, ಒಂದು ಸಾವು ನೋಡುತ್ತಾಳೆ, ಸೀರೆ ಅವಳದೇ. ದುಡಿದ ದುಡ್ಡು ಕೈ ಸೇರಲು ತಿಂಗಳುಗಳೇ ಹಿಡಿಯುವುದೂ ಉಂಟು. ಕಂಪನಿ ರಂಗಗೀತೆಗಳ ಭಂಡಾರವನ್ನು ಗಂಟಲಲ್ಲಿ ಇಟ್ಟುಕೊಂಡ ಆರ್. ಪರಮಶಿವನ್ ಅವರಂಥ ಒಬ್ಬಿಬ್ಬರು ಹವ್ಯಾಸಿ ತಂಡಗಳಿಗೆ ಅದನ್ನು ಕಲಿಸಿ ಗೌರವ ಪಡೆದರು. ಉಳಿದ ಹಾರ್ಮೋನಿಯಂ ಮೇಷ್ಟ್ರುಗಳು ಕಂಪನಿ ಮುಚ್ಚಿದ ದಿನ ಪೆಟ್ಟಿಗೆ ಮುಚ್ಚಿದರು.

ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್ ಬೇಡ ಎಂದು ಹಟ ಹಿಡಿದದ್ದರ ಹಿಂದೆ ಇದ್ದದ್ದು ಭಾಷಾಭಿಮಾನ ಒಂದೇ ಅಲ್ಲ, ಈ ಹೆಸರಿಲ್ಲದವರ ಹೊಟ್ಟೆಯೂ ಹೌದು. ಪರಭಾಷೆಯ ಚಿತ್ರ ಕನ್ನಡ ಮಾತಾಡಿದರೆ ಇಲ್ಲಿಯ ಲೈಟು, ಸೆಟ್ಟು, ಮೇಕಪ್ಪಿನವರಿಗೆ ಕೆಲಸವೆಲ್ಲಿ ಎಂಬ ಪ್ರಶ್ನೆ. 2015ರಲ್ಲಿ ಸ್ಪರ್ಧಾ ಆಯೋಗ ಆ ಅಡ್ಡಗಟ್ಟುವಿಕೆ ಸಲ್ಲದು ಎಂದಿತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು ವಾಹಿನಿಗಳ ಕೈ ಖಾಲಿಯಾದಾಗ ಡಬ್ ಆದ ‘ಮಹಾಭಾರತ’ ಮನೆಮನೆಗೆ ಬಂತು. ಸೆಟ್ಟಿನ ಹುಡುಗರು ಕೆಲಸವಿಲ್ಲದೆ ಕೂತರು. ದನಿ ಇದ್ದ ರಂಗನಟರಿಗೆ ಹೊಸ ಕಸುಬು ಸಿಕ್ಕಿತು. ಒಂದೇ ಬಾಗಿಲು ಒಬ್ಬರಿಗೆ ಮುಚ್ಚಿ ಇನ್ನೊಬ್ಬರಿಗೆ ತೆರೆದಾಗ ಯಾರ ಪರ ನಿಲ್ಲುವುದು? ಹಳೆಯ ಹಟಕ್ಕೆ ಕಾರಣವಿತ್ತು ಎಂದು ಒಪ್ಪುತ್ತಲೇ, ಅದರ ಕಾಲ ಮುಗಿದಿತ್ತು ಎಂದೇ ನಾನು ಹೇಳುತ್ತೇನೆ. ‘ಕೆಜಿಎಫ್’ ಐದು ಭಾಷೆಗಳಲ್ಲಿ ಮಾತಾಡಿ ಗೆದ್ದ ಮೇಲೆ ನಾವು ಮಾತ್ರ ಬಾಗಿಲು ಹಾಕಿಕೊಂಡು ಕೂರುವುದು ಹೇಗೆ?

2024ರಲ್ಲಿ ರಾಜ್ಯದ ಶಾಸನಸಭೆ ಸಿನಿಮಾ ಮತ್ತು ಸಾಂಸ್ಕೃತಿಕ ಕ್ಷೇತ್ರದಲ್ಲಿ ದುಡಿಯುವವರಿಗೆ ಕಲ್ಯಾಣ ನಿಧಿ ಸ್ಥಾಪಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಿ ಹಣ ಕೂಡಿಸುವ ಯೋಜನೆ. ಕೆಲಸ ಒಳ್ಳೆಯದೇ. ತೊಡಕಿರುವುದು ನೋಂದಣಿಯಲ್ಲಿ. ಸಿನಿಮಾ ಕಾರ್ಮಿಕನಿಗೆ ಯೂನಿಯನ್ ಕಾರ್ಡ್ ಇದೆ. ಜಾತ್ರೆಯಿಂದ ಜಾತ್ರೆಗೆ ಹೋಗುವ ಕಂಪನಿಯಲ್ಲಿ ಮೂವತ್ತು ವರ್ಷ ಪರದೆ ಎಳೆದವನು ತಾನು ಕಲಾವಿದ ಎಂಬುದಕ್ಕೆ ಏನು ತೋರಿಸಬೇಕು? ಅವನ ಹೆಸರು ಹ್ಯಾಂಡ್‌ಬಿಲ್ಲಿನಲ್ಲೂ ಬಂದಿಲ್ಲ.

ಅಂಥ ಕಂಪನಿಗಳು ಇನ್ನೂ ಇವೆ. ನೋಡಬೇಕೆನ್ನುವವರು ಬಾದಾಮಿ ಪಕ್ಕದ ಬನಶಂಕರಿಗೆ ಹೋಗಬೇಕು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಹೆಚ್ಚುಕಡಿಮೆ ಒಂದು ತಿಂಗಳು ಅಲ್ಲಿ ತಗಡಿನ ಥಿಯೇಟರುಗಳ ಬೀದಿಯೇ ಏಳುತ್ತದೆ. ಒಂದರ ಮೈಕು ಇನ್ನೊಂದರ ಮೈಕನ್ನು ನುಂಗುವಂತೆ ಕೂಗುತ್ತಿರುತ್ತದೆ. ಸಂಜೆಗೊಂದು, ರಾತ್ರಿಗೊಂದು, ಅದು ಮುಗಿದ ಮೇಲೆ ಬೆಳಗಿನ ಜಾವದವರೆಗೆ ಇನ್ನೊಂದು ಆಟ. ಚಕ್ಕಡಿ ಹೋಗಿ ಟ್ರ್ಯಾಕ್ಟರ್ ಬಂದಿದೆ, ಬುತ್ತಿ ಕಟ್ಟಿಕೊಂಡು ಬರುವ ಜನ ಅವರೇ. ಗಂಟಲು ಕೆಟ್ಟರೂ ರಜೆ ಇಲ್ಲ. ಈ ತಿಂಗಳ ಕಲೆಕ್ಷನ್ ಮಳೆಗಾಲದ ಗಂಜಿ. ನಟಿಯರ ಮಕ್ಕಳು ಗ್ರೀನ್ ರೂಮಿನ ಮೂಲೆಯಲ್ಲಿ, ಮೇಕಪ್ ಪೆಟ್ಟಿಗೆಯ ಪಕ್ಕ ಮಲಗಿರುತ್ತಾರೆ. ಮೂರು ಆಟದ ನಡುವೆ ಬಣ್ಣ ಒರೆಸಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ, ಅದರ ಮೇಲೇ ಮತ್ತೊಂದು ಕೋಟು.

ಈಗೀಗ ಅಲ್ಲಿಯ ಬ್ಯಾನರುಗಳಲ್ಲಿ ಒಂದು ಹೊಸ ಮುಖ ಎದ್ದು ಕಾಣುತ್ತದೆ. ಟಿವಿಯ ಹಾಸ್ಯ ಕಾರ್ಯಕ್ರಮದ ಕಲಾವಿದರೋ, ಧಾರಾವಾಹಿಯ ನಟರೋ ‘ವಿಶೇಷ ಆಕರ್ಷಣೆ’ಯಾಗಿ ಬರುತ್ತಾರೆ. ಎರಡು ದೃಶ್ಯಕ್ಕೆ ಬಂದು, ಜನ ಕೇಳುವ ಟಿವಿಯ ಡೈಲಾಗು ಹೊಡೆದು, ಸೆಲ್ಫಿಗೆ ನಿಂತು ಹೊರಡುತ್ತಾರೆ. ಮಾಲೀಕರ ಲೆಕ್ಕ ಸೂಕ್ಷ್ಮವಾದದ್ದು. ಅತಿಥಿ ಬಂದ ರಾತ್ರಿ ಥಿಯೇಟರ್ ತುಂಬುತ್ತದೆ, ತುಂಬಿದ್ದರಲ್ಲಿ ದೊಡ್ಡ ಪಾಲು ಅತಿಥಿಯ ಸಂಭಾವನೆಗೇ ಹೋಗುತ್ತದೆ. ಬಾರದ ರಾತ್ರಿ ಅರ್ಧ ಥಿಯೇಟರ್, ಆದರೆ ಬಂದದ್ದೆಲ್ಲ ಕಂಪನಿಯದೇ. ಆದ್ದರಿಂದ ಜಾತ್ರೆಯ ಮೊದಲ ವಾರ ಅತಿಥಿಯನ್ನು ಕರೆಸಿ ಹೆಸರು ಮಾಡಿಕೊಂಡು, ಆಮೇಲಿನ ವಾರಗಳಲ್ಲಿ ತಮ್ಮವರನ್ನೇ ನೆಚ್ಚಿಕೊಳ್ಳುವವರೂ ಇದ್ದಾರೆ. ಹಾಗೆ ಬಂದ ಅತಿಥಿಗಳಲ್ಲಿ ಕೆಲವರು ಇಂಥದೇ ಕಂಪನಿಗಳಲ್ಲಿ ಹುಟ್ಟಿ ಬೆಳೆದು, ಸಂಬಳ ಸಾಲದೆ ಬೆಂಗಳೂರಿನ ಬಸ್ಸು ಹತ್ತಿದವರು. ಹಳೆಯ ಸಂಬಳದ ಎಷ್ಟೋ ಪಟ್ಟನ್ನು ಒಂದು ರಾತ್ರಿಗೆ ಮುಂಗಡವಾಗಿ ಎಣಿಸಿಕೊಂಡೇ ಅವರು ಈಗ ಬಣ್ಣಕ್ಕೆ ಕೂರುತ್ತಾರೆ.